ಕರ್ನಲ್ಲಿಗೆ ಎಷ್ಟು ಆರ್ಗ್ಯುಮೆಂಟುಗಳು?

ಸಮತಲವೊಂದರಲ್ಲಿ ಕೆಲವು ವಿದ್ಯುದಾವೇಶಗಳಿವೆ. ಅವುಗಳ ಸುತ್ತಲಿನ ಹತ್ತು ಲಕ್ಷ ಬಿಂದುಗಳಲ್ಲಿ ವಿಭವವನ್ನು ಲೆಕ್ಕಹಾಕಬೇಕಾಗಿದೆ ಎಂದು ಭಾವಿಸೋಣ. ಒಂದು ಬಿಂದುವಿನ ಲೆಕ್ಕವು ಇನ್ನೊಂದನ್ನು ಅವಲಂಬಿಸದು. ಇಂಥ ಕಾರ್ಯಕ್ಕೆ ಜಿ.ಪಿ.ಯು. ಬಲು ಅನುಕೂಲ. ಅದು ಒಂದೇ ಫಂಕ್ಷನ್ನನ್ನು ಸಾವಿರಾರು ಎಳೆಗಳಲ್ಲಿ ಏಕಕಾಲಕ್ಕೆ ನಡೆಸಬಲ್ಲುದು. ಆ ಫಂಕ್ಷನ್ನಿಗೆ ಕರ್ನಲ್ ಎಂದೂ, ಅದಕ್ಕೆ ನಾವು ಒಪ್ಪಿಸುವ ಬೆಲೆಗಳಿಗೆ ಆರ್ಗ್ಯುಮೆಂಟುಗಳೆಂದೂ ಹೆಸರು.

ಇಂದು ಆವೇಶಗಳು ಮೂರು, ನಾಳೆ ಮೂವತ್ತು. ಅದಕ್ಕೆ ತಕ್ಕಂತೆ ಆರ್ಗ್ಯುಮೆಂಟುಗಳ ಸಂಖ್ಯೆಯನ್ನೂ ಬದಲಿಸಬಹುದೆ? ಸಿ ಭಾಷೆಯ ಪ್ರಿಂಟ್‌ಎಫ್ ಹಾಗೆ ನಡೆದುಕೊಳ್ಳುವುದುಂಟು. ಆದರೆ 2007ರಲ್ಲಿ ಬಿಡುಗಡೆಯಾದ ಎನ್‌ವಿಡಿಯಾ ಸಂಸ್ಥೆಯ ಕ್ಯೂಡಾ ವ್ಯವಸ್ಥೆಯಲ್ಲಿ ಕರ್ನಲ್ಲನ್ನು ಆ ರೀತಿ ಬರೆಯಲು ಅವಕಾಶವಿಲ್ಲ. ಪ್ರತಿಯೊಂದು ಆರ್ಗ್ಯುಮೆಂಟಿನ ಸ್ಥಾನವನ್ನೂ ಗಾತ್ರವನ್ನೂ ಕಂಪೈಲರ್ ಮೊದಲೇ ನಿಗದಿಗೊಳಿಸಿರುತ್ತದೆ. ಆ ಕ್ರಮದಲ್ಲಿ ಇರಿಸಿದ ಬೈಟುಗಳನ್ನೇ ಎಲ್ಲ ಎಳೆಗಳೂ ಓದುತ್ತವೆ. ಅವುಗಳ ಒಟ್ಟು ಮಿತಿ ಬಹುಕಾಲ 4,096 ಬೈಟುಗಳಿದ್ದು, 2023ರ 12.1ನೆಯ ಆವೃತ್ತಿಯಲ್ಲಿ ಹೊಸ ಜಿ.ಪಿ.ಯು.ಗಳಿಗೆ 32,764ಕ್ಕೆ ಏರಿತು.

ಅಚ್ಚಾದ ಅರ್ಜಿಯ ನಮೂನೆಯನ್ನು ನೆನೆಯಿರಿ. ಅದರ ಅಂಕಣಗಳನ್ನು ನಾವು ಹೆಚ್ಚಿಸಲಾರೆವು. ವಿವರ ಬಹಳವಿದ್ದರೆ 'ಪಟ್ಟಿ ಲಗತ್ತಿಸಿದೆ, ಪುಟಗಳು 3' ಎಂದು ಬರೆಯುತ್ತೇವೆ. ಇಲ್ಲಿಯೂ ಉಪಾಯ ಅದೇ. ಆವೇಶಗಳ ಸ್ಥಾನ ಹಾಗೂ ಪರಿಮಾಣಗಳನ್ನೆಲ್ಲ ಒಂದು ಪಟ್ಟಿಯಾಗಿ ಜಿ.ಪಿ.ಯು.ವಿನ ಸ್ಮೃತಿಗೆ ನಕಲು ಮಾಡಬೇಕು. ಅನಂತರ ಆ ಪಟ್ಟಿಯ ವಿಳಾಸ, ಆವೇಶಗಳ ಸಂಖ್ಯೆ, ಉತ್ತರಗಳನ್ನು ಇಡಬೇಕಾದ ವಿಳಾಸ – ಈ ಮೂರನ್ನು ಮಾತ್ರ ಕರ್ನಲ್ಲಿಗೆ ಒಪ್ಪಿಸಿದರಾಯಿತು. ಆವೇಶಗಳು ಎಷ್ಟಾದರೂ ಆರ್ಗ್ಯುಮೆಂಟುಗಳು ಮೂರೇ.

ಎರಡು ಎಚ್ಚರಿಕೆಗಳು ಅವಶ್ಯ. ಮುಖ್ಯ ಸಂಸ್ಕಾರಕದ ಸ್ಮೃತಿಯಲ್ಲಿರುವ ಪಟ್ಟಿಯ ವಿಳಾಸವನ್ನು ಕೊಟ್ಟರೆ ಅನೇಕ ಯಂತ್ರಗಳಲ್ಲಿ ಕರ್ನಲ್ ಅರ್ಧದಲ್ಲೇ ನಿಲ್ಲುವುದು. ಇದು ಕೂಡಲೇ ತಿಳಿಯುವ ತಪ್ಪು. ಎರಡನೆಯದು ಹೆಚ್ಚು ಅಪಾಯಕರ. ಕರ್ನಲ್ಲನ್ನು ಆರಂಭಿಸುವ ಒಂದು ವಿಧಾನದಲ್ಲಿ ಆರ್ಗ್ಯುಮೆಂಟುಗಳ ವಿಳಾಸಗಳನ್ನಷ್ಟೇ ಸಾಲಾಗಿ ಕೊಡುತ್ತೇವೆ; ಅವು ಯಾವ ಬಗೆಯವೆಂದು ಕಂಪೈಲರ್ ಪರೀಕ್ಷಿಸದು. 8 ಬೈಟುಗಳ ಸಂಖ್ಯೆ ಬೇಕಾದಲ್ಲಿ 4 ಬೈಟುಗಳದನ್ನು ಕೊಟ್ಟರೆ ಪಕ್ಕದ ಬೈಟುಗಳೂ ಸೇರಿ ಓದಲ್ಪಡುತ್ತವೆ. ಯಂತ್ರವು ದೂರು ಹೇಳದೆ ತಪ್ಪು ಉತ್ತರವನ್ನು ಕೊಡಬಹುದು.

ಆದುದರಿಂದ ಉತ್ತರ ಗೊತ್ತಿರುವ ಲೆಕ್ಕವನ್ನೇ ಮೊದಲು ಮಾಡಿಸಬೇಕು. ಒಂದು ನ್ಯಾನೊಕೂಲಂ ಆವೇಶದಿಂದ ಒಂದು ಮೀಟರ್ ದೂರದಲ್ಲಿ ನಿರ್ವಾತದಲ್ಲಿ ವಿಭವವು ಸುಮಾರು 9 ವೋಲ್ಟ್. ಸಮಾನವೂ ವಿರುದ್ಧವೂ ಆದ ಎರಡು ಆವೇಶಗಳಿಂದ ಸಮದೂರದಲ್ಲಿರುವ ಬಿಂದುವಿನಲ್ಲಿ ಅದು ಸೊನ್ನೆ. ಇವೆರಡೂ ಸರಿಬಂದ ಮೇಲೆಯೇ ಮೂವತ್ತು ಆವೇಶಗಳ ಲೆಕ್ಕಕ್ಕೆ ಕೈಹಾಕುವುದು ಲೇಸು.