ಎಂಟನೇ ಕ್ರಾಸಿನ ಹತ್ತಿರ ಮನೆ ಯಾರು ಕೊಳ್ಳಬೇಕು?

ಮಲ್ಲೇಶ್ವರದಲ್ಲಿ ನಾವು ಹಳೇ ಫ್ಲ್ಯಾಟಿಗೆ ಸುರಿದ ದುಡ್ಡಿಗೆ ಕನಕಪುರ ರಸ್ತೆಯಾಚೆ ಒಂದು ರೂಮು ಜಾಸ್ತಿಯಿರುವ, ಲಿಫ್ಟು, ಈಜುಕೊಳವಿರುವ ಹೊಸ ಮನೆಯೇ ಬರುತ್ತಿತ್ತು. ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ನನ್ನ ಲೆಕ್ಕ ಬೇರೆ. ಸೊಪ್ಪು, ಹೂವು, ಬಾಳೆಲೆಗೆ ಎಂಟನೇ ಕ್ರಾಸು. ಊರೊಳಗೆ ಎಲ್ಲಿಗಾದರೂ ಹೋಗಬೇಕೆಂದರೆ ಸಂಪಿಗೆ ರಸ್ತೆಯ ತುದಿಯಲ್ಲಿ ಹಸಿರು ಮಾರ್ಗದ ಮೆಟ್ರೊ. ಹಾಗಾಗಿ ಕಾರು ಮಾರಿದೆವು. ಅದರ ಕಂತು, ವಿಮೆ, ಪೆಟ್ರೋಲಿನ ದುಡ್ಡು ಈಗ ಗೃಹಸಾಲಕ್ಕೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಹೊರವಲಯದ ಅಪಾರ್ಟ್‌ಮೆಂಟಿನವರು ಟ್ಯಾಂಕರಿಗೆ ಕಾಯುತ್ತಿದ್ದಾಗಲೂ ನಮ್ಮ ಸಂಪ್‌ಗೆ ಕಾವೇರಿ ನೀರು ಬರುತ್ತಿತ್ತು.

ಕಾರು ಬಿಡಲಾಗದವರು ಇಲ್ಲಿಗೆ ಬರಬೇಡಿ. ನಡಿಗೆಯ ಅನುಕೂಲಕ್ಕೂ ದುಡ್ಡು ಕೊಟ್ಟು, ಕಾರಿಗೂ ಕೊಟ್ಟು, ಪಾರ್ಕಿಂಗಿಗೆ ಪಕ್ಕದವರೊಡನೆ ಜಗಳ ಬೇರೆ. ದಿನಾ ಹೊರವರ್ತುಲ ರಸ್ತೆಯ ಆಫೀಸಿಗೆ ಓಡುವವರಿಗೂ ಇದು ಹೊಂದದು. ಬಾಡಿಗೆಗೆ ಕೊಟ್ಟು ಲಾಭ ಮಾಡುವ ಯೋಚನೆಯಿದ್ದರೆ, ಹಾಕಿದ ಬಂಡವಾಳಕ್ಕೆ ಹುಟ್ಟುವ ಬಾಡಿಗೆ ಬ್ಯಾಂಕ್ ಠೇವಣಿಯ ಬಡ್ಡಿಗಿಂತ ಕಡಿಮೆ.

ಕೈಯಲ್ಲಿ ನಗದೂ ಬೇಕು. ಒಂದು ಕೋಟಿಯ ಮನೆಗೆ ರಿಸರ್ವ್ ಬ್ಯಾಂಕ್ ನಿಯಮದಂತೆ 75 ಲಕ್ಷಕ್ಕಿಂತ ಹೆಚ್ಚು ಸಾಲ ಹುಟ್ಟದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಮುದ್ರಾಂಕ, ಸೆಸ್ ಸೇರಿ ಶೇ 7.6. ಅಂದರೆ ಸಾಲದ ಹೊರಗೆ 32 ಲಕ್ಷದ ಮೇಲೆ ನಿಮ್ಮದೇ ದುಡ್ಡು. ಕಟ್ಟಡ ಹಳೆಯದಾದರೆ ಬ್ಯಾಂಕು ಇನ್ನಷ್ಟು ಕೈ ಬಿಗಿ ಹಿಡಿಯಬಹುದು. ಕ್ರಯಪತ್ರದಲ್ಲಿ ನಿಮ್ಮ ಪಾಲಿನ ನೆಲ ಎಷ್ಟು ಚದರಡಿ ಎಂದು ಮೊದಲು ಓದಿ. ಹಳೇ ಫ್ಲ್ಯಾಟಿನಲ್ಲಿ ನಿಜವಾದ ಆಸ್ತಿ ಅದೇ, ಗೋಡೆಗಳಲ್ಲ.

ನಿವೃತ್ತರಿಗೆ ಹೇಳಿ ಮಾಡಿಸಿದ ಬಡಾವಣೆ ಅಂತಾರೆ. ಒಪ್ಪುತ್ತೇನೆ, ಆದರೆ ಮೆಟ್ಟಿಲು ಎಣಿಸಿಕೊಂಡು. ನಮ್ಮದೂ ಲಿಫ್ಟಿಲ್ಲದ ಕಟ್ಟಡ. ಮೂರನೇ ಮಹಡಿಯ ಅಜ್ಜಿ ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಬುಟ್ಟಿ ಇಳಿಬಿಡುತ್ತಾರೆ. ಸೊಪ್ಪಿನವಳು ಕಟ್ಟು ಇಟ್ಟು, ಚಿಲ್ಲರೆ ತೆಗೆದುಕೊಂಡು, ‘ಎಳ್ಕೊಳಿ ಅಮ್ಮಾ’ ಅನ್ನುತ್ತಾಳೆ. ಮಾರ್ಕೆಟ್ಟು ಕೂಗಳತೆಯಲ್ಲಿದೆ, ಮಂಡಿ ಬಿಡುತ್ತಿಲ್ಲ. ಲಿಫ್ಟ್ ಹಾಕಿಸುವ ಮಾತು ಸಂಘದ ಸಭೆಗೆ ಬಂದಾಗ ನೆಲಮಹಡಿಯವರು ‘ನಾವ್ಯಾಕೆ ದುಡ್ಡು ಕೊಡಬೇಕು?’ ಅಂದರು. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಐವತ್ತು ದಾಟಿದವರು ನನ್ನನ್ನು ಕೇಳಿದರೆ, ಚದರಡಿಗೆ ನಾಲ್ಕು ಕಾಸು ಜಾಸ್ತಿಯಾದರೂ ಆ ನೆಲಮಹಡಿಯನ್ನೇ ಹುಡುಕಿ ಅನ್ನುತ್ತೇನೆ.