ಪಟ್ಟಿಗಳನ್ನು ಜೋಡಿಸುವಾಗ: ದತ್ತಾಂಶ ಏಕೀಕರಣದ ಪ್ರಾಜೆಕ್ಟನ್ನು ಸದಸ್ಯರು ಪರಿಶೀಲಿಸುವ ಬಗೆ



ಗ್ರಾಮದ ಒಂದೇ ಮನೆಯು ಇಂದು ಹಲವು ಕಡೆಗಳಲ್ಲಿ ದಾಖಲಾಗಿರುತ್ತದೆ. ಅದರ ತೆರಿಗೆ ಬೇಡಿಕೆಯು ಪಂಚತಂತ್ರ ತಂತ್ರಾಂಶದಲ್ಲಿದೆ; ನಮೂನೆ-9 ಅಥವಾ ನಮೂನೆ-11ಬಿ ಇ-ಸ್ವತ್ತು ತಂತ್ರಾಂಶದಲ್ಲಿದೆ; ನಲ್ಲಿ ಸಂಪರ್ಕದ ವಿವರವು ಅನೇಕ ಕಡೆ ನೀರುಗಂಟಿಯ ಪುಸ್ತಕದಲ್ಲೋ ಕಚೇರಿಯ ಎಕ್ಸೆಲ್ ಹಾಳೆಯಲ್ಲೋ ಇದೆ. ಇವುಗಳನ್ನು ಒಂದಕ್ಕೊಂದು ತಾಳೆ ನೋಡಿ ಒಂದೇ ಪಟ್ಟಿಯಾಗಿ ತರುವ ಕಾರ್ಯವನ್ನು ದತ್ತಾಂಶ ಏಕೀಕರಣವೆನ್ನುತ್ತಾರೆ. ಟ್ಯಾಲೆಂಡ್, ಪೆಂಟಾಹೊ ಮುಂತಾದ ತಂತ್ರಾಂಶಗಳು ಇದಕ್ಕೆಂದೇ ರೂಪುಗೊಂಡಿವೆ. ಅವುಗಳನ್ನು ನಡೆಸುವವರು ತಾಂತ್ರಿಕ ಸಿಬ್ಬಂದಿ. ಆದರೆ ಎರಡು ಪಟ್ಟಿಗಳಲ್ಲಿರುವ ಎರಡು ನಮೂದುಗಳು ಒಂದೇ ಮನೆಯವೋ ಬೇರೆ ಬೇರೆ ಮನೆಗಳವೋ ಎಂಬ ತೀರ್ಮಾನವನ್ನು ಕೇವಲ ತಾಂತ್ರಿಕವೆಂದು ಬಿಡಲಾಗದು. ಅದು ತಪ್ಪಿದರೆ ಒಬ್ಬರ ಬಾಕಿ ಮತ್ತೊಬ್ಬರ ಹೆಸರಿಗೆ ಬೀಳುತ್ತದೆ, ಅಥವಾ ಮನೆಯೇ ಪಟ್ಟಿಯಿಂದ ಮಾಯವಾಗುತ್ತದೆ. ಈ ಕಾರಣದಿಂದ ಪ್ರಾಜೆಕ್ಟಿನ ರಚನೆಯನ್ನು ಸದಸ್ಯರು ಅರಿತಿರುವುದು ಅಗತ್ಯ.

ಇಂತಹ ತಂತ್ರಾಂಶದಲ್ಲಿ ಪ್ರಾಜೆಕ್ಟ್ ಎಂದರೆ ಕಚೇರಿಯ ಒಂದು ಕಡತವೆಂದು ಭಾವಿಸಬಹುದು. ಮೂಲ ಪಟ್ಟಿಗಳ ಯಾವ ಕಾಲಂನಲ್ಲಿ ಏನಿದೆ ಎಂಬ ವಿವರಣೆ ಮತ್ತು ಕ್ರಮವಾಗಿ ನಡೆಯಬೇಕಾದ ಕೆಲಸಗಳು, ಅಂದರೆ ಜಾಬ್‌ಗಳು, ಅದರೊಳಗಿರುತ್ತವೆ. ಎಲ್ಲವನ್ನೂ ಒಂದೇ ದೊಡ್ಡ ಜಾಬ್ ಆಗಿ ಕಟ್ಟುವುದು ಸೂಕ್ತವಲ್ಲ. ಓದುವುದು, ಶುಚಿಗೊಳಿಸುವುದು, ತಾಳೆ ನೋಡುವುದು, ವರದಿ ಬರೆಯುವುದು ಇವು ಪ್ರತ್ಯೇಕವಾಗಿದ್ದರೆ ಮಾತ್ರ ದೋಷವು ಯಾವ ಹಂತದಲ್ಲಿ ಹೊಕ್ಕಿತೆಂದು ಹೇಳಲು ಸಾಧ್ಯ. ಜಾಬ್‌ಗೆ ಇಡುವ ಹೆಸರಿನಲ್ಲಿ ಗ್ರಾಮದ ಎಲ್‌ಜಿಡಿ ಸಂಕೇತ ಸಂಖ್ಯೆ ಇರಬೇಕು. ಹೊಸಹಳ್ಳಿ, ರಾಮಪುರ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚಿರುತ್ತವೆ. ಸಂಕೇತ ಸಂಖ್ಯೆ ಒಂದೊಂದಕ್ಕೂ ಬೇರೆ. ‘ಹೊಸದು’, ‘ಫೈನಲ್’, ‘ಫೈನಲ್-2’ ಎಂಬ ಹೆಸರುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬರೆದವರಿಗೇ ತಿಂಗಳ ನಂತರ ತಿಳಿಯುವುದಿಲ್ಲ.

ಶುಚಿಗೊಳಿಸುವ ಹಂತವೇ ಹೆಚ್ಚು ಶ್ರಮ ಬೇಡುವಂತಹುದು. ಹಳೆಯ ಪಟ್ಟಿಗಳನ್ನು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದರೆ, ಕಣ್ಣಿಗೆ ಕಾಣುವುದು ಕನ್ನಡವಾದರೂ ಗಣಕಯಂತ್ರದೊಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯೂನಿಕೋಡ್‌ಗೆ ಪರಿವರ್ತಿಸದೆ ತಾಳೆ ನೋಡಿದರೆ ಒಂದು ಹೆಸರೂ ಹೊಂದುವುದಿಲ್ಲ. ಕನ್ನಡದ ೧೨ ಮತ್ತು ಇಂಗ್ಲಿಷಿನ 12 ನಮಗೆ ಒಂದೇ. ಯಂತ್ರಕ್ಕೆ ಬೇರೆ ಬೇರೆ. ‘ಕುಮಾರ್’ ಎಂಬ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಸಂಕೇತವೊಂದು ಸೇರಿಕೊಂಡಿರುವುದೂ ಉಂಟು. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಮನೆ ಸಂಖ್ಯೆ. 3/12 ಎಂದು ಎಕ್ಸೆಲ್ ಹಾಳೆಯಲ್ಲಿ ಬರೆದೊಡನೆ ಅದನ್ನು ದಿನಾಂಕವೆಂದು ಬದಲಾಯಿಸಿಕೊಳ್ಳುತ್ತದೆ; 012 ಎಂಬುದರ ಮೊದಲ ಸೊನ್ನೆಯನ್ನು ಅಳಿಸುತ್ತದೆ. ಒಮ್ಮೆ ಹೀಗಾದ ಹಾಳೆಯನ್ನು ಉಳಿಸಿಬಿಟ್ಟರೆ ಮೂಲ ಸಂಖ್ಯೆಯನ್ನು ಅದರಿಂದ ನಂಬಿಕೆಯಿಂದ ಮರಳಿ ಪಡೆಯುವಂತಿಲ್ಲ. ಮನೆ ಸಂಖ್ಯೆಯ ಕಾಲಂ ಅನ್ನು ಆರಂಭದಲ್ಲೇ ‘ಪಠ್ಯ’ವೆಂದು ನಿಗದಿಪಡಿಸಿದ್ದಾರೆಯೇ ಎಂದು ಸದಸ್ಯರು ಕೇಳಬಹುದಾದ ಮೊದಲ ಪ್ರಶ್ನೆ ಇದು.

ಹೆಸರಿನ ತಾಳೆಗೆ ಬರೋಣ. ‘ಲಕ್ಷ್ಮಮ್ಮ ಕೋಂ ಲೇಟ್ ತಿಮ್ಮಯ್ಯ’ ಎಂದು ತೆರಿಗೆ ಪಟ್ಟಿಯಲ್ಲಿದೆ, ನಲ್ಲಿ ಪಟ್ಟಿಯಲ್ಲಿ ಬರಿಯ ‘ಲಕ್ಷ್ಮಮ್ಮ’ ಎಂದಿದೆ ಎನ್ನೋಣ. ಅದೇ ಬೀದಿಯಲ್ಲಿ ಮತ್ತೊಬ್ಬ ಲಕ್ಷ್ಮಮ್ಮನವರು ಇದ್ದಾರೆ. ಹೆಸರು ಮಾತ್ರ ನೋಡಿ ಜೋಡಿಸುವ ನಿಯಮವಿದ್ದರೆ ಒಬ್ಬ ವಿಧವೆಯ ಹೆಸರಿಗೆ ಎರಡು ಮನೆಗಳ ನೀರಿನ ಕರ ಬರುತ್ತದೆ. ನಿಯಮವು ಅತಿ ಬಿಗಿಯಾಗಿದ್ದರೆ ಅವರದೇ ಮನೆಯು ಯಾವುದಕ್ಕೂ ಹೊಂದದೆ ಉಳಿಯುತ್ತದೆ. ಎರಡನೆಯದು ಸರಿಪಡಿಸಬಹುದಾದ ತೊಂದರೆ; ಮೊದಲನೆಯದು ಹೊರಗೆ ಸರಿಯಾಗಿಯೇ ಕಾಣುವ ತಪ್ಪು. ಆದ್ದರಿಂದ ಸಂಶಯವಿದ್ದಲ್ಲಿ ಜೋಡಿಸದೆ ಬಿಡುವ ನಿಯಮವೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಎಷ್ಟು ಅಂಶಗಳು ಹೊಂದಿದರೆ ಒಂದೇ ಎಂದು ಪರಿಗಣಿಸಬೇಕು (ಗ್ರಾಮ ಸಂಕೇತ, ಸ್ವತ್ತಿನ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು) ಎಂಬುದನ್ನು ಜಾಬ್ ಸಿದ್ಧವಾಗುವ ಮೊದಲೇ ಕನ್ನಡದಲ್ಲಿ ಬರೆದು ಪಂಚಾಯತಿ ಸಭೆಯ ಮುಂದೆ ಇಡಿಸತಕ್ಕದ್ದು. ಫೌತಿಯಾದವರ ಹೆಸರಿನಲ್ಲೇ ಖಾತೆ ಉಳಿದಿರುವ ಮನೆಗಳಿಗೆ ಏನು ಮಾಡಬೇಕೆಂಬುದೂ ಅದರಲ್ಲಿರಲಿ.

ಜಾಬ್ ಮುಗಿದಾಗ ಸಾಮಾನ್ಯವಾಗಿ ಸಭೆಗೆ ಬರುವುದು ಜೋಡಣೆಯಾದ ಪಟ್ಟಿ ಮಾತ್ರ. ಸದಸ್ಯರು ಕೇಳಬೇಕಾದುದು ಹೊಂದದೆ ಉಳಿದ ಪಟ್ಟಿಯನ್ನು. ಮೇಲೆ ಹೇಳಿದ ತಂತ್ರಾಂಶಗಳಲ್ಲಿ ಅದನ್ನು ಪ್ರತ್ಯೇಕ ಕಡತಕ್ಕೆ ಬರೆಸುವ ವ್ಯವಸ್ಥೆಯಿದೆ. ಬರೆಸದಿದ್ದರೆ ಆ ನಮೂದುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಲೆಕ್ಕ ಸರಳವಾದುದು. ತೆರಿಗೆ ಪಟ್ಟಿಯಲ್ಲಿ 1,240 ನಮೂದುಗಳಿದ್ದು, ಹೊಂದಿದವು 1,065, ಹೊಂದದವು 158 ಎಂದು ವರದಿಯಿದ್ದರೆ ಒಟ್ಟು 1,223 ಆಗುತ್ತದೆ. ಉಳಿದ 17 ಮನೆಗಳು ಎಲ್ಲಿ? ‘ನಕಲು ನಮೂದುಗಳೆಂದು ತೆಗೆದಿದ್ದೇವೆ’ ಎಂಬ ಉತ್ತರ ಬಂದರೆ ಆ 17ರ ಪಟ್ಟಿಯನ್ನೂ ಕೇಳಿರಿ. ಮೊತ್ತವು ಹೆಚ್ಚಾಗಿ ಬಂದರೂ ಅನುಮಾನಿಸಬೇಕು. ಒಂದು ಮನೆಯು ಎರಡು ನಲ್ಲಿ ನಮೂದುಗಳಿಗೆ ಹೊಂದಿ ಎರಡು ಸಾಲಾಗಿರಬಹುದು. ಸಂಖ್ಯೆಯ ಜೊತೆಗೆ ಬೇಡಿಕೆ, ವಸೂಲಿ, ಬಾಕಿ ತಃಖ್ತೆಯ ಮೊತ್ತಗಳೂ ಮೊದಲಿನಂತೆಯೇ ರೂಪಾಯಿ ಲೆಕ್ಕದಲ್ಲಿ ಹೊಂದಬೇಕು.

ಪ್ರಯೋಗ ಮತ್ತು ನೈಜ ಬಳಕೆ, ಇವೆರಡಕ್ಕೂ ಒಂದೇ ಜಾಬನ್ನು ಬೇರೆ ಬೇರೆ ಸಂದರ್ಭಗಳಲ್ಲಿ ನಡೆಸುವ ಅನುಕೂಲವಿದೆ. ಮೊದಲು ಒಂದು ವಾರ್ಡಿನ ನಕಲು ಪ್ರತಿಯ ಮೇಲೆ ನಡೆಸಿ, ಫಲಿತಾಂಶವನ್ನು ಆ ವಾರ್ಡಿನ ಸದಸ್ಯರಿಗೂ ಬಿಲ್ ಕಲೆಕ್ಟರಿಗೂ ತೋರಿಸಿದ ಬಳಿಕವೇ ಉಳಿದುದಕ್ಕೆ ಕೈಹಾಕುವುದು ಯುಕ್ತ. ನಿಯಮ ಬದಲಾದಾಗಲೆಲ್ಲ ಆವೃತ್ತಿ ಸಂಖ್ಯೆಯೂ ಬದಲಾಗಬೇಕು, ಹಳೆಯ ಆವೃತ್ತಿ ಉಳಿಯಬೇಕು.

ಪ್ರಾಜೆಕ್ಟಿನ ಪೂರ್ಣ ಪ್ರತಿಯನ್ನು ಪಂಚಾಯತಿಯ ವಶಕ್ಕೆ ಪಡೆಯುವುದು ಇನ್ನೊಂದು ಮುಖ್ಯ ಕೆಲಸ. ಟ್ಯಾಲೆಂಡ್‌ನ ಉಚಿತ ಆವೃತ್ತಿಯಾದ ಓಪನ್ ಸ್ಟುಡಿಯೋ 2024ರ ಜನವರಿ ಅಂತ್ಯಕ್ಕೆ ನಿಂತುಹೋಯಿತು. ತಂತ್ರಾಂಶ ನಿಲ್ಲಬಹುದು, ಸಿಬ್ಬಂದಿ ವರ್ಗವಾಗಬಹುದು. ಕನ್ನಡದಲ್ಲಿ ಬರೆದ ನಿಯಮಗಳ ಹಾಳೆ ಕಡತದಲ್ಲಿದ್ದರೆ ಮುಂದೆ ಬರುವವರು ಬೇರೆ ತಂತ್ರಾಂಶದಲ್ಲಿ ಮತ್ತೆ ಕಟ್ಟಬಲ್ಲರು.

ತಾಳೆಗಾಗಿ ಪಡೆದ ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆಗಳಿರುವ ಹಾಳೆಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿಕೊಳ್ಳಬಾರದು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಸದಸ್ಯರ ಪರಿಶೀಲನೆಗೆ ಹೆಸರು, ಮನೆ ಸಂಖ್ಯೆ ಮತ್ತು ಮೊತ್ತ ಸಾಕು.

ಹೊಂದದೆ ಉಳಿದ ಪಟ್ಟಿಯನ್ನು ವಾರ್ಡುವಾರು ವಿಂಗಡಿಸಿ ಪಡೆದು, ಬಿಲ್ ಕಲೆಕ್ಟರ್ ಹಾಗೂ ನೀರುಗಂಟಿಯೊಂದಿಗೆ ಮನೆಮನೆಗೆ ಹೋಗಿ ನೋಡಿ, ಸರಿಪಡಿಸಿದ ಪ್ರತಿಗೆ ದಿನಾಂಕ ಹಾಕಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಒಪ್ಪಿಸಿರಿ. ಮುಂದಿನ ಬೇಡಿಕೆ ನೋಟಿಸುಗಳು ಹೊರಡುವ ಮುನ್ನ ಈ ಪರಿಶೀಲನೆ ಮುಗಿದಿರತಕ್ಕದ್ದು.