ಸಂತೆಯ ಲೆಕ್ಕ

ಮಾತೃಕೆ ಎಂದರೆ ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಇರಿಸಿದ ಆಯತಾಕಾರದ ಪಟ್ಟಿ. ಇಂದು ದ್ವಿತೀಯ ಪಿಯುಸಿಯಲ್ಲಿ ಬರುವ ಈ ಪಾಠ ನಾನು ಅಧ್ಯಾಪಕನಾಗಿದ್ದಾಗ ಪ್ರೌಢಶಾಲೆಯಲ್ಲಿಯೇ ಇತ್ತು. ನಾನು ಕಲಿಸಿದ್ದು ಕನ್ನಡ. ಗಣಿತದ ಮಾತು ನನಗೇಕೆಂದು ನೀವು ಕೇಳಬಹುದು. ಆದರೆ ವಿಜಯಪುರ ಜಿಲ್ಲೆಯ ಶಾಲೆಯೊಂದರಲ್ಲಿ ಕಂಡ ಪ್ರಸಂಗವೊಂದು ಇನ್ನೂ ನನ್ನ ಮನಸ್ಸಿನಿಂದ ಮರೆಯಾಗಿಲ್ಲ.

ಮಾತೃಕೆಗಳನ್ನು ಕೂಡಿಸುವಾಗ ಒಂದೇ ಸ್ಥಾನದ ಸಂಖ್ಯೆಗಳನ್ನು ಕೂಡಿಸಿದರೆ ಸಾಕು. ಗುಣಿಸುವಾಗಲೂ ಹಾಗೆಯೇ ಮಾಡಿದ್ದ ಹುಡುಗನೊಬ್ಬನ ಉತ್ತರಪತ್ರಿಕೆಯ ತುಂಬ ಕೆಂಪು ಗೆರೆಗಳಿದ್ದವು. ಸಂತೆಯಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಬಾಯಲ್ಲಿಯೇ ಲೆಕ್ಕ ಒಪ್ಪಿಸುತ್ತಿದ್ದ ಜಾಣ ಅವನು. “ಗಣಿತ ನನಗ ತಿಳ್ಯೂದಿಲ್ರಿ ಸರ, ಸಾಲಿ ಬಿಡ್ತೀನ್ರಿ” ಎಂದು ಕಣ್ಣೀರಿಟ್ಟನು. ಅಡ್ಡಸಾಲನ್ನು ಕಂಬಸಾಲಿನಿಂದ ಗುಣಿಸಬೇಕೆಂಬ ನಿಯಮವನ್ನು ಅವನು ಬಾಯಿಪಾಠ ಮಾಡಿದ್ದನು. ಹಾಗೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಗಣಿತದ ಅಧ್ಯಾಪಕರು ಸಂತೆಯನ್ನೇ ಕರಿಹಲಗೆಯ ಮೇಲೆ ತಂದರು. ಇಂಡಿಯ ರೈತನಲ್ಲಿ 2 ಚೀಲ ನಿಂಬೆ, 3 ಚೀಲ ಜೋಳ. ಸಿಂದಗಿಯ ರೈತನಲ್ಲಿ 4 ಚೀಲ ನಿಂಬೆ, 1 ಚೀಲ ಜೋಳ. ಇವು ಮೊದಲ ಮಾತೃಕೆಯ ಅಡ್ಡಸಾಲುಗಳು. ಎರಡನೆಯದರಲ್ಲಿ ಚೀಲವೊಂದರ ದರಗಳು. ಲೆಕ್ಕ ಸುಲಭವಾಗಲೆಂದು ಊಹಿಸಿದವು, ನೂರು ರೂಪಾಯಿಗಳಲ್ಲಿ ಎಣಿಸಿದವು. ಮುದ್ದೇಬಿಹಾಳದ ಕಂಬಸಾಲಿನಲ್ಲಿ ನಿಂಬೆಗೆ 5, ಅದರ ಕೆಳಗೆ ಜೋಳಕ್ಕೆ 6. ಬಸವನ ಬಾಗೇವಾಡಿಯ ಕಂಬಸಾಲಿನಲ್ಲಿ ಅದೇ ಕ್ರಮದಲ್ಲಿ 7 ಮತ್ತು 4.

“ಇಂಡಿಯವನು ಮುದ್ದೇಬಿಹಾಳದಲ್ಲಿ ಮಾರಿದರೆ ಎಷ್ಟು ಬಂದೀತಪ್ಪಾ?” ಎಂದು ಅಧ್ಯಾಪಕರು ಕೇಳಿದರು.

“ಲಿಂಬಿಗೆ ಹತ್ತು, ಜ್ವಾಳಕ್ಕ ಹದಿನೆಂಟು, ಎಲ್ಲಾ ಕೂಡಿ ಇಪ್ಪತ್ತೆಂಟು ನೂರ್ರಿ ಸರ!”

ಅಡ್ಡಸಾಲನ್ನು ಕಂಬಸಾಲಿನಿಂದ ಗುಣಿಸಿ ಕೂಡಿಸುವುದೆಂದರೆ ಇದೇ. ಇಂಡಿಯವನಿಗೆ ಬಾಗೇವಾಡಿಯಲ್ಲಿ 26, ಸಿಂದಗಿಯವನಿಗೆ ಕ್ರಮವಾಗಿ 26 ಮತ್ತು 32 ಎಂದು ಉಳಿದ ಉತ್ತರಗಳನ್ನೂ ಅವನೇ ಹೇಳಿದನು. ಅವನ ಹಳೆಯ ರೀತಿಯಲ್ಲಿ ಮೇಲಿನ ಸಾಲಿನ 3ನ್ನು 7ರಿಂದ ಗುಣಿಸಬೇಕಿತ್ತು. ಎಂದರೆ ಜೋಳದ ಚೀಲಕ್ಕೆ ನಿಂಬೆಯ ದರ! ತರಗತಿಯೆಲ್ಲ ನಕ್ಕಿತು, ಅವನೂ ನಕ್ಕನು.

1858ರಲ್ಲಿ ಇಂಗ್ಲೆಂಡಿನ ಆರ್ಥರ್ ಕೇಲಿ ಎಂಬ ಗಣಿತಜ್ಞನು ಮಾತೃಕೆಗಳನ್ನು ಕುರಿತ ತನ್ನ ಪ್ರಬಂಧದಲ್ಲಿ ಈ ಗುಣಾಕಾರವನ್ನು ವಿವರಿಸಿದನು. 3ನ್ನು 5ರಿಂದ ಗುಣಿಸಿದರೂ 5ನ್ನು 3ರಿಂದ ಗುಣಿಸಿದರೂ ಒಂದೇ, ಮಾತೃಕೆಗಳಲ್ಲಿ ಹಾಗಲ್ಲ. ಮೇಲಿನ ಲೆಕ್ಕದಲ್ಲಿಯೇ ದರಗಳ ಮಾತೃಕೆಯನ್ನು ಮುಂದಿಟ್ಟು ಗುಣಿಸಿದರೆ ಮೊದಲ ಸ್ಥಾನದಲ್ಲಿ 28ರ ಬದಲು 38 ಬರುತ್ತದೆ. ಇದನ್ನು ಅಧ್ಯಾಪಕರು ಹೇಳುವ ಮೊದಲೇ ಆ ಹುಡುಗ ತನ್ನ ಪಾಟಿಯ ಮೇಲೆ ಮಾಡಿ ನೋಡಿದ್ದನು. ಅವನು ಶಾಲೆ ಬಿಡಲಿಲ್ಲ.